ಅಕ್ಕೋರ ಹುಣಸೆಬೀಜ

ಸ್ವಲ್ಪ ತಡೆಯಿರಿ, ಈಗಲೇ ಪುಟ ತಿರುವಬೇಡಿ. ಮುಂದೆ ಒಂದು ಸಪ್ಪಳ ಬರುತ್ತದೆ. ದೊಡ್ಡ ದೊಡ್ಡ ಪ್ರೊಫೆಸರರು ಕೂತಿದ್ದ ಕೋಣೆಯಲ್ಲಿ, ಯಾರೂ ಕೆಮ್ಮಲು ಸಹ ಹೆದರುವಂಥ ಹೊತ್ತಿನಲ್ಲಿ, ಒಂದು ಪೌಡರ್ ಡಬ್ಬಿ ಗಲಗಲ ಅಂದ ಸಪ್ಪಳ. ಅದು ಬರುವವರೆಗಾದರೂ ನನ್ನ ಜೊತೆ ಕೂತಿರಿ. ಆ ಸಪ್ಪಳ ಕೇಳದೆ ಅಕ್ಕೋರು ನಿಮಗೆ ಗೊತ್ತಾಗುವುದಿಲ್ಲ. ಅವರನ್ನು ಗೊತ್ತು ಮಾಡಿಸಬೇಕೆಂದೇ ನಾನು ಬೆಳಗಿನಿಂದ ಈ ಟೈಪ್‌ರೈಟರಿನ ಮುಂದೆ ಕೂತಿದ್ದೇನೆ.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುತ್ತೇವೆ. ಇವರು ಸಿಂದಗಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಹೋದ ತಿಂಗಳು ಜ್ವರ ಎಂದು ಮಲಗಿದವರು ಏಳಲಿಲ್ಲ. ಹೆಸರು ಬರೆಯುವುದಿಲ್ಲ, ಅದು ಅವರದೇ ಅಪ್ಪಣೆ. ಅವರ ಹತ್ತಿರ ಕಲಿತ ನಮ್ಮ ಮೂವರ ಪಿಎಚ್.ಡಿ. ಥೀಸಿಸಿನ ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರು ಬರಕೂಡದೆಂದು ಮೊದಲೇ ತಾಕೀತು ಮಾಡಿದ್ದರು. "ಗೈಡ್ ಹೆಸರು ಹಾಕು, ಹೆಂಡ್ತಿ ಹೆಸರು ಹಾಕು. ನನ್ನ ಹೆಸರು ಕಂಡ್ರ ಆ ಪುಟಾ ನಾನ ಹರೀತೇನಿ" ಅಂದಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯರು ಅವರು. ಹಾಗಾಗಿ ಇಲ್ಲಿಯೂ ಬೇಡ.

ನಾನು ಇಂಡಿಯವನು, ಹೈಸ್ಕೂಲ್ ಮಾಸ್ತರ. ಎಂ.ಎ.ಯನ್ನು ಕಾಲೇಜಿಗೆ ಹೋಗಿ ಓದಲಿಲ್ಲ. ಪುಸ್ತಕ ತರಿಸಿಕೊಂಡು, ಮನೆಯಲ್ಲಿ ಕೂತು, ನನಗೆ ನಾನೇ ಪಾಠ ಹೇಳಿಕೊಂಡು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಾಸಾದವನು. ಆ ಹುಮ್ಮಸ್ಸಿನಲ್ಲೇ ಪಿಎಚ್.ಡಿ.ಗೂ ಹೆಸರು ನೋಂದಾಯಿಸಿಬಿಟ್ಟೆ. ವಿಷಯ, ಭೀಮಾ ನದಿಯನ್ನು ಹಿಂದಿನವರು ಎಲ್ಲೆಲ್ಲಿ ದಾಟುತ್ತಿದ್ದರು, ದಾಟಿ ಏನೇನು ಸಾಗಿಸುತ್ತಿದ್ದರು ಎಂಬುದು. ಗೈಡ್ ಇದ್ದದ್ದು ವಿಶ್ವವಿದ್ಯಾಲಯದ ಊರಿನಲ್ಲಿ, ಒಂದು ದಿನದ ಪ್ರಯಾಣ. ವರ್ಷಕ್ಕೆ ಒಮ್ಮೆ ಹೋಗುತ್ತಿದ್ದೆ. ಅವರು "ಹೇಗೆ ನಡೆದಿದೆ?" ಅನ್ನುತ್ತಿದ್ದರು, ನಾನು "ನಡೆದಿದೆ ಸರ್" ಅನ್ನುತ್ತಿದ್ದೆ, ತಿರುಗಿ ಬರುತ್ತಿದ್ದೆ.

ಅಕ್ಕೋರನ್ನು ಮೊದಲು ಕಂಡದ್ದು ಅವರ ಕಾಲೇಜಿನ ಲೈಬ್ರರಿಯಲ್ಲಿ. ಹಳೆಯದೊಂದು ಗೆಜೆಟಿಯರ್ ಹುಡುಕಿಕೊಂಡು ಹೋಗಿದ್ದೆ. ಕಿಟಕಿಯ ಹತ್ತಿರ ಗಂಡಸರ ಕೈಗಡಿಯಾರ ಕಟ್ಟಿಕೊಂಡ ಒಬ್ಬ ಹೆಂಗಸು ಕೂತಿದ್ದರು. ಪಟ್ಟಿ ಸಡಿಲಾಗಿ ಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು, ಅವರು ಅದನ್ನು ಎಳೆದೆಳೆದು ಮಣಿಕಟ್ಟಿಗೆ ತರುತ್ತಿದ್ದರು. "ನಿನ್ನ ವಿಷಯ ಏನಪಾ?" ಎಂದು ಕೇಳಿದರು. ಕೇಳುವವರೇ ಇಲ್ಲದೆ ತುಂಬಿಕೊಂಡಿದ್ದ ನಾನು ಶುರು ಮಾಡಿದೆ. ನದಿ, ಮಳೆಗಾಲ, ಹರಿಗೋಲು, ಸುಂಕ, ಸೊಲ್ಲಾಪುರದ ಪೇಟೆ, ಚಡಚಣದ ಸಂತೆ, ಎಲ್ಲ ಹೇಳಿದೆ. ಬಾಯಿ ಒಣಗಿದ ಮೇಲೆ ನಿಲ್ಲಿಸಿದೆ.

ಅಕ್ಕೋರು, ಪುಸ್ತಕ ಹಿಂದಿರುಗಿಸಲು ಬಂದು ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬನ ಕಡೆ ತಿರುಗಿದರು. "ಏ ಬಾಗೇವಾಡಿ, ಈ ತಮ್ಮ ಏನು ಹೇಳಿದ, ಹೇಳು ನೋಡೂಣು."

ಅವನು ತಲೆ ಕೆರೆದುಕೊಂಡ. "ಹೊಳಿ ದಾಟಾಕ ದೋಣಿ ಬೇಕು ಅಂದ್ರ ರೀ."

"ಸದ್ಯಕ್ಕ ನಿನ್ನ ಥೀಸಿಸ್ ಅಷ್ಟ ಐತಿ ನೋಡು" ಎಂದು ಅಕ್ಕೋರು ನನಗೆ ಹೇಳಿದರು. "ಉಳದದ್ದು ನಿನ್ನ ತಲ್ಯಾಗ ಐತಿ, ಹೊರಗ ಬಂದಿಲ್ಲ. ಮುಂದಿನ ರವಿವಾರ ಬಾ."

ಆ ಬಾಗೇವಾಡಿ ಅಂದರೆ ಸಂಗಪ್ಪ. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ. ಕಪ್ಪು ಮಣ್ಣಿನ ಎರೆಹೊಲದಲ್ಲಿ ಬೆಳೆಯುವ ಕಳೆಗಳ ಮೇಲೆ ಅವನ ಸಂಶೋಧನೆ. ಅಕ್ಕೋರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಬಸ್ ಕಂಡಕ್ಟರರ ಹಾಗೆ ಊರು ಹಿಡಿದು ಕೂಗುತ್ತಿದ್ದರು. ಸಂಗಪ್ಪ ಬಾಗೇವಾಡಿ, ನಾನು ಇಂಡಿ. ಮುದ್ದೇಬಿಹಾಳ ಅಂದರೆ ದಸ್ತಗೀರ, ಅಲ್ಲಿಯ ಕಾಲೇಜಿನ ಅರ್ಥಶಾಸ್ತ್ರದ ಲೆಕ್ಚರರ್. ಮುಖ್ಯವಾಗಿ ಅವನ ಕಥೆಯನ್ನೇ ನಾನು ಹೇಳಬೇಕಾದದ್ದು.

ತಿಂಗಳಿಗೊಂದು ರವಿವಾರ ನಾವು ನಾಲ್ವರೂ ಕೂಡುತ್ತಿದ್ದೆವು, ಒಂದೊಂದು ಸಲ ಒಂದೊಂದು ಊರಿನಲ್ಲಿ. ಬಾಗೇವಾಡಿಯಲ್ಲಿ ಸಂಗಪ್ಪನ ಮನೆಯ ಹಾಸಿಗೆಯ ಕೆಳಗೆಲ್ಲ ಹಳೆಯ ಪೇಪರಿನ ನಡುವೆ ಗಿಡ ಒಣಗುತ್ತಿದ್ದವು, ನಾವು ಅದರ ಮೇಲೆಯೇ ಕೂಡಬೇಕು. ಅವನ ತಾಯಿ ರೊಟ್ಟಿ ಬಡಿಯುತ್ತ ಒಳಗಿಂದಲೇ ಅನ್ನುತ್ತಿದ್ದಳು: "ಮಂದಿ ಕಿತ್ತು ಒಗಿಯೂದನ್ನ ನನ್ನ ಮಗಾ ತಂದು ಕಾಗದಕ್ಕ ಅಂಟಸ್ತಾನವಾ. ಇದಕ್ಕ ಸರಕಾರ ಪಗಾರ ಕೊಡ್ತೈತಿ." ಇಂಡಿಯಲ್ಲಿ ನಮ್ಮ ಮನೆಯಲ್ಲಿ ಲಿಂಬೆ ಶರಬತ್ತು, ಮುದ್ದೇಬಿಹಾಳದಲ್ಲಿ ದಸ್ತಗೀರನ ಮನೆಯ ಗಟ್ಟಿ ಚಹಾ. ಸಿಂದಗಿಯಲ್ಲಿ ಮಾತ್ರ ಅಕ್ಕೋರು ಚುರುಮುರಿ ಮುಂದಿಟ್ಟು, "ತಿನಕೋತ ಕೇಳಬ್ಯಾಡ್ರಿ, ಕೇಳಿ ತಿನ್ರಿ" ಅನ್ನುತ್ತಿದ್ದರು.

ಈ ಕೂಟಕ್ಕೆ ಒಂದು ಪದ್ಧತಿ ಇತ್ತು. ಇದನ್ನು ಸರಿಯಾಗಿ ಕೇಳಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ನಮ್ಮ ಅಧ್ಯಾಯವನ್ನು ನಾವು ಹೇಳುವಂತಿರಲಿಲ್ಲ. ಬರೆದವನು ಮುಂಚೆಯೇ ಅದನ್ನು ಉಳಿದವರಿಗೆ ಕೊಡಬೇಕು. ಕೂಟದ ದಿನ ಬೇರೆ ಒಬ್ಬ, ಕೈಯಲ್ಲಿ ಕಾಗದವಿಲ್ಲದೆ, ತನಗೆ ತಿಳಿದ ಹಾಗೆ ಅದನ್ನು ಹೇಳಬೇಕು. ಬರೆದವನು ಎದುರಿಗೆ ಬಾಯಿ ಮುಚ್ಚಿಕೊಂಡು ಕೂಡಬೇಕು. ಹೇಳುವವನು ಎಷ್ಟೇ ತಪ್ಪು ಹೇಳಲಿ, ಹೊಟ್ಟೆ ಎಷ್ಟೇ ಉರಿಯಲಿ, ಮಾತಾಡುವಂತಿಲ್ಲ, ಮುಖ ಸಹ ಗಂಟಿಕ್ಕುವಂತಿಲ್ಲ. ಅವನ ಕೈಯಲ್ಲಿ ಅಕ್ಕೋರು ಒಂದು ಹಿಡಿ ಹುಣಸೆಬೀಜ ಕೊಡುತ್ತಿದ್ದರು. ತಪ್ಪು ಬಂದಲ್ಲಿ ಒಂದು ಬೀಜ ಮುಂದಿಡಬೇಕು, ಯಾವ ಬೀಜ ಯಾವ ತಪ್ಪಿನದು ಎಂದು ನೆನಪಿಡಬೇಕು. ಹೇಳುವುದು ಮುಗಿದ ಮೇಲೆ ಅಕ್ಕೋರು ಬೀಜದ ಡಬ್ಬಿಯನ್ನು ಗಲಗಲ ಅಲ್ಲಾಡಿಸುತ್ತಿದ್ದರು. ಮುಚ್ಚಳದ ಮೇಲಿನ ಗುಲಾಬಿ ಅರ್ಧ ಕಿತ್ತುಹೋದ ಹಳೆಯ ಪೌಡರ್ ಡಬ್ಬಿ ಅದು. ಆ ಸಪ್ಪಳವಾದ ಮೇಲೆ ಬರೆದವನ ಬಾಯಿಗೆ ಬಿಡುಗಡೆ. ಮೊದಲ ಬೀಜದಿಂದ ಶುರು ಮಾಡಿ ಒಂದೊಂದಕ್ಕೂ ಅವನು ಉತ್ತರ ಹೇಳಬೇಕು. ಆಗ ಉಳಿದವರು ಸುಮ್ಮನಿರಬೇಕು.

ಮೊದಮೊದಲು ನನಗೆ ಹುಚ್ಚು ಹಿಡಿದಂತಾಗುತ್ತಿತ್ತು. ಸಂಗಪ್ಪ ನನ್ನ ನದಿಯನ್ನು ಎಲ್ಲೆಲ್ಲಿಗೋ ಹರಿಸುತ್ತಿದ್ದ, ನಾನು ಬೀಜ ಇಟ್ಟಿದ್ದೇ ಇಟ್ಟಿದ್ದು. ಆದರೆ ಮನೆಗೆ ಬಂದು ನೋಡಿದರೆ, ಅವನು ತಪ್ಪಿದ ಕಡೆಯಲ್ಲೆಲ್ಲ ನಾನೇ ಮಸುಕಾಗಿ ಬರೆದಿರುತ್ತಿದ್ದೆ.

ಇನ್ನೊಂದು ಕಟ್ಟಪ್ಪಣೆ ಇತ್ತು. ಒಬ್ಬರ ಕಾಗದದ ಮೇಲೆ ಇನ್ನೊಬ್ಬರ ಪೆನ್ನು ತಾಗಕೂಡದು. ಒಮ್ಮೆ ನಾನು ದಸ್ತಗೀರನ ಪುಟದಲ್ಲಿ ಬಿಟ್ಟುಹೋದ ಒಂದು ಪದ ಸೇರಿಸಲು ಹೋದೆ. ಅಕ್ಕೋರು ನನ್ನ ಕೈ ಹಿಡಿದರು, ಗಡಿಯಾರ ಜಾರಿ ನನ್ನ ಬೆರಳಿಗೆ ಬಡಿಯಿತು. "ಬಾಯಿ ಎಲ್ಲಾರದು, ಪೆನ್ನು ಒಬ್ಬಂದು" ಅಂದರು. ಅವರು ಹಾಗೆ ಅನ್ನುವುದಕ್ಕೆ ಕಾರಣ ಇತ್ತು. ಆಗಲೇ ವಿಶ್ವವಿದ್ಯಾಲಯದಲ್ಲಿ ಒಂದು ಮಾತು ಹಬ್ಬಿತ್ತು, ಬಿಜಾಪುರ ಕಡೆಯವರು ಕೂಡಿಕೊಂಡು ಥೀಸಿಸ್ ಬರೆಯುತ್ತಾರೆ, ಒಬ್ಬನ ಹೆಸರಿನಲ್ಲಿ ನಾಲ್ವರು ಬರೆಯುತ್ತಾರೆ ಎಂದು. ಯಾರು ಹಬ್ಬಿಸಿದರೋ ಗೊತ್ತಿಲ್ಲ. ಆದರೆ ವರ್ಷಕ್ಕೊಮ್ಮೆ ಹೋಗುತ್ತಿದ್ದ ನನ್ನನ್ನೂ ಅಲ್ಲಿಯ ಗುಮಾಸ್ತರು, "ಏನ್ರಿ, ನಿಮ್ಮ ಕಂಪನಿ ಹೆಂಗ ನಡದೈತಿ?" ಎಂದು ಕೇಳಿ ನಕ್ಕಿದ್ದರು.

ಇದೆಲ್ಲ ಯಾಕೆ ಮಾಡುತ್ತೀರಿ ಎಂದು ಒಮ್ಮೆ ಅವರನ್ನೇ ಕೇಳಿದೆ. ನಾವು ಕೂತಿದ್ದ, ಸಿಂದಗಿಯಿಂದ ಹೊರಟ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತ್ತು. ಅಕ್ಕೋರು ಹೊತ್ತು ಹಾಳು ಮಾಡುವವರಲ್ಲ. ಬೇವಿನ ನೆರಳಿನಲ್ಲಿ ಸಂಗಪ್ಪನಿಂದ ನನ್ನ ಅಧ್ಯಾಯ ಹೇಳಿಸಲು ಶುರು ಮಾಡಿಬಿಟ್ಟಿದ್ದರು. ಟೈರು ಹಾಕಿ ಮುಗಿದು ಕಂಡಕ್ಟರ್ ಸೀಟಿ ಊದಿದರೆ, "ಒಂದೀಟು ತಡಿಯಪಾ, ಇಂವ ಇನ್ನೂ ಹೊಳಿ ನಡುವ ಅದಾನ" ಅಂದರು. ಬಸ್ಸಿನ ಮಂದಿಯೆಲ್ಲ ನಕ್ಕರು. ಹತ್ತಿ ಕೂತ ಮೇಲೆ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು, ಕಿಟಕಿಯ ಆಚೆ ನೋಡುತ್ತ.

"ನಾ ಪಿಎಚ್.ಡಿ. ಮಾಡೂಮುಂದ ನನ್ನ ಬಾವಿಗೋಳ ಥೀಸಿಸ್ ಮನಿ ಗ್ವಾಡಿಗೆ ಹೇಳ್ತಿದ್ದೆ. ಗ್ವಾಡಿ ತಿರುಗಿ ಹೇಳಂಗಿಲ್ಲಲ್ಲ. ಪರೀಕ್ಷಾದಾಗ ಒಬ್ಬರು ಕೂತಿದ್ರು, ಇಂಥಾ ಪುಟದಾಗ ಇಂಥಾ ಬಾವಿ ಬಗ್ಗೆ ಹಿಂಗ ಬರ್ದೀರಿ ಅಂದ್ರು. ನನಗ ಅಳು ಬಂತು. ಅವರು ಬೈಯಾಕತ್ತಿದ್ರು, ಆದ್ರೂ ಅಳು ಬಂತು. ಅಷ್ಟು ವರ್ಷದಾಗ ನನ್ನ ಬರಹ ಓದಿದ ಮೊದಲನೇ ಮನಷ್ಯಾ ಅಂವ."

ಅಷ್ಟೇ. ಅದರ ಮೇಲೆ ಆ ಮಾತು ಎಂದೂ ತೆಗೆಯಲಿಲ್ಲ.

ಈಗ ದಸ್ತಗೀರ. ಅವನು ಬರೆಯುತ್ತಿದ್ದದ್ದು ಮುದ್ದೇಬಿಹಾಳ ಸೀಮೆಯ ಎಣ್ಣೆಗಾಣಗಳ ಬಗ್ಗೆ. ಒಂದು ಕಾಲಕ್ಕೆ ಊರೂರಿನಲ್ಲಿ ತಿರುಗುತ್ತಿದ್ದ ಗಾಣಗಳು ಯಾಕೆ ನಿಂತವು? ಎಲ್ಲರೂ ಹೇಳುವುದು, ಮಿಲ್ಲಿನ ಎಣ್ಣೆ ಅಗ್ಗಕ್ಕೆ ಬಂತು, ಗಾಣ ಸತ್ತಿತು ಎಂದು. ದಸ್ತಗೀರ ಹಳ್ಳಿ ಹಳ್ಳಿ ತಿರುಗಿ ಬೇರೆಯದನ್ನು ಕಂಡಿದ್ದ. ಜನ ತಮ್ಮ ಮನೆಯ ಕುಸುಬೆಯನ್ನು ಗಾಣಕ್ಕೆ ಒಯ್ಯುತ್ತಿದ್ದರು, ಎಣ್ಣೆ ಮನೆಗೆ ತಂದು, ಉಳಿದ ಹಿಂಡಿಯನ್ನು ಗಾಣಿಗನಿಗೆ ಬಿಡುತ್ತಿದ್ದರು. ವ್ಯಾಪಾರಸ್ಥರು ತಕ್ಕಡಿ ಹಿಡಿದು ನೇರ ಕಣಕ್ಕೇ ಬಂದು, ರಾಶಿಯಾದ ದಿನವೇ ಕುಸುಬೆ ತೂಗಿಕೊಂಡು ಹೋಗತೊಡಗಿದ ಮೇಲೆ ಮನೆಯಲ್ಲಿ ಬೀಜವೇ ಉಳಿಯಲಿಲ್ಲ. ಗಾಣ ನಿಂತದ್ದು ಆಗ. ಮಿಲ್ಲಿನ ಎಣ್ಣೆ ಬಂದದ್ದು ಆಮೇಲೆ, ಖಾಲಿಯಾದ ಡಬ್ಬಿ ತುಂಬಲಿಕ್ಕೆ.

ಈ ಅಧ್ಯಾಯವನ್ನು ನಾನೇ ಹೇಳಿದ್ದೆ, ಮುದ್ದೇಬಿಹಾಳದ ಅವನ ಮನೆಯಲ್ಲಿ. ದಸ್ತಗೀರ ಕಲ್ಲಿನ ಹಾಗೆ ಕೂಡುವವನು. ನಾನು, ಸಂಗಪ್ಪ ಆಗೀಗ "ಛೇ" ಅಂದುಬಿಡುತ್ತಿದ್ದೆವು, ಅವನು ಮಾತ್ರ ಎಂದೂ ಇಲ್ಲ. ಪದ್ಧತಿಯನ್ನು ನಮಾಜಿನಷ್ಟೇ ಶಿಸ್ತಿನಿಂದ ಪಾಲಿಸುತ್ತಿದ್ದ. ಅವತ್ತು ಅಕ್ಕೋರು ಡಬ್ಬಿ ಅಲ್ಲಾಡಿಸಿದ ಮೇಲೆ ಒಂದು ಪ್ರಶ್ನೆ ಕೇಳಿದರು.

"ವ್ಯಾಪಾರಸ್ಥರು, ವ್ಯಾಪಾರಸ್ಥರು ಅಂತ ಬರ್ದೀ. ಯಾವ ವ್ಯಾಪಾರಸ್ಥರು?"

"ಹಿಂಗ ರೀ ಅಕ್ಕೋರ, ಪ್ಯಾಟ್ಯಾನವ್ರು."

"ಪ್ಯಾಟಿ ಅಂದ್ರ ತಕ್ಕಡಿ ಹಿಡೀತೈತೇನು? ಹಿಡಿದಾಂವ ಯಾರು?"

ದಸ್ತಗೀರ ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದ. ಒಳಗೆ ಅವನ ತಂದೆ ಕೆಮ್ಮುತ್ತಿದ್ದರು. "ನೋಡ್ತೇನ್ರಿ" ಅಂದ. ಅಕ್ಕೋರು ಒಂದು ಬೀಜ ತೆಗೆದು ತಾವೇ ಅವನ ಮುಂದಿಟ್ಟರು. ಬರೆದವನ ಮುಂದೆ ಅವರು ಬೀಜ ಇಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಥೀಸಿಸ್ ಮುಗಿಯಿತು. ಆದರೆ ಅವನ ಮೊದಲಿನ ಗೈಡ್ ನಿವೃತ್ತರಾಗಿ ಹೋಗಿದ್ದರು, ಬಂದ ಹೊಸಬರು ಸಹಿ ಹಾಕುವಷ್ಟೇ ಗೈಡ್. ಕೊಟ್ಟ ಅವಧಿ, ಮೇಲೆ ಕೊಟ್ಟ ಅವಧಿ, ಎರಡೂ ಮುಗಿದಿದ್ದವು. ವೈವಾದಲ್ಲಿ, ಅಂದರೆ ಎದುರಿಗೆ ಕೂರಿಸಿ ಕೇಳುವ ಕೊನೆಯ ಪರೀಕ್ಷೆಯಲ್ಲಿ, ಬೇಡ ಅಂದರೆ ಮತ್ತೆ ನೋಂದಣಿ ಇಲ್ಲ. ಅವನ ಕೆಲಸವೂ ಡಿಗ್ರಿಯ ಭರವಸೆಯ ಮೇಲೆ ನಿಂತ ಕೆಲಸ. ಜೊತೆಗೆ, ಕೂಡಿ ಬರೆಯುತ್ತಾರೆಂಬ ಆ ಗುಮಾನಿ ಬೇರೆ. ಅದೇ ವರ್ಷ ಅಕ್ಕೋರೂ ಗೈಡ್ ಆಗುವ ಮಾನ್ಯತೆಗೆ ಅರ್ಜಿ ಹಾಕಿದ್ದರು. ಅದು ಸಿಕ್ಕಿದ್ದರೆ ನಮ್ಮ ಕಡೆಯ ಹುಡುಗರು ಒಂದು ಸಹಿಗಾಗಿ ಒಂದು ದಿನದ ಪ್ರಯಾಣ ಮಾಡುವುದು ತಪ್ಪುತ್ತಿತ್ತು.

ವೈವಾಕ್ಕೆ ಯಾರು ಬೇಕಾದರೂ ಬಂದು ಕೂಡಬಹುದಿತ್ತು. ಬಾಗೇವಾಡಿ ರೋಡ್ ಸ್ಟೇಶನ್ನಿನಲ್ಲಿ ನಾವು ನಾಲ್ವರೂ ರೈಲು ಹತ್ತಿದೆವು. ಇಳಿಯುವ ಮೊದಲು ಅಕ್ಕೋರು ಹೇಳಿದರು: "ಅಲ್ಲಿ ನಾವು ಯಾರೋ, ಇಂವ ಯಾರೋ. ಹಿಂದಿನ ಬೆಂಚಿನ್ಯಾಗ ಕುಂಡ್ರೂದು, ಕೇಳೂದು, ಎದ್ದು ಬರೂದು. ನಗಬ್ಯಾಡ್ರಿ, ತಲೀ ಅಲ್ಲಾಡಿಸಬ್ಯಾಡ್ರಿ."

"ಹೆದರಿಕ್ಯಾಗಾಕತ್ತೈತ್ರಿ ಅಕ್ಕೋರ" ಅಂದ ದಸ್ತಗೀರ.

"ಆಗಲಿ ಬಿಡು. ನಿನ್ನ ಥೀಸಿಸ್ ನಮ್ಮ ಮೂರೂ ಮಂದಿಗೆ ಬಾಯಿಪಾಠ ಐತಿ. ನಿನಗ ಬರೂದಿಲ್ಲೇನು?"

ಅವನು ನಕ್ಕ. ನಾವೂ ನಕ್ಕೆವು. ಯಾರಿಗೂ ಹೊಳೆಯದ ಒಂದು ಸಂಗತಿ ಆ ನಗುವಿನಲ್ಲೇ ಇತ್ತು. ಅಷ್ಟು ವರ್ಷಗಳಲ್ಲಿ ಅವನ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದವರು ನಾವು. ಅವನು ಕಲಿತದ್ದು ಬಾಯಿ ಮುಚ್ಚಿ ಕೂಡುವುದನ್ನು.

ಕೋಣೆಯಲ್ಲಿ ಉದ್ದನೆಯ ಟೇಬಲ್. ಅಧ್ಯಕ್ಷರು, ಸಹಿಯ ಗೈಡ್, ಮತ್ತು ಮೈಸೂರು ಕಡೆಯಿಂದ ಬಂದ ಪರೀಕ್ಷಕರು, ಬಿಳಿ ಕೂದಲಿನ ಮೆತ್ತನೆಯ ಮಾತಿನವರು. ಎದುರಿಗೆ ಕುರ್ಚಿಯಲ್ಲಿ ದಸ್ತಗೀರ. ಸುತ್ತ ವಿಭಾಗದವರು. ಆ ಪರೀಕ್ಷಕರು ಪ್ರಶ್ನೆ ಕೇಳುವ ಬದಲು ಥೀಸಿಸನ್ನು ಮುಚ್ಚಿ ಬದಿಗಿಟ್ಟರು.

"ನಿಮ್ಮ ಪ್ರಬಂಧವನ್ನು ನಾನು ಓದಿದ್ದೇನೆ. ಅದರಲ್ಲಿ ಏನಿದೆ ಅಂತ ಮೊದಲು ನಾನೇ ಹೇಳ್ತೀನಿ, ಕೇಳಿ. ಮಿಲ್ಲಿನ ಎಣ್ಣೆ ಅಗ್ಗವಾಗಿ ಬಂದದ್ದರಿಂದ ಗಾಣಗಳು ಮುಚ್ಚಿದವು ಅಂತ ನೀವು ತೋರಿಸಿದ್ದೀರಿ."

ಅದು ಥೀಸಿಸಿನ ತಲೆಕೆಳಗು. ಈಗ ಅಲ್ಲ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಕಾದೆ. ದಸ್ತಗೀರ ನೆಟ್ಟಗೆ ಕೂತಿದ್ದ. ಅವನ ಬಲಗೈ ಮೆಲ್ಲಗೆ ಮುಂದೆ ಬಂದು, ಬೆರಳ ತುದಿ ಟೇಬಲ್ಲಿನ ಮೇಲೆ ಏನೋ ಇಟ್ಟ ಹಾಗೆ ಮಾಡಿ ಹಿಂದೆ ಹೋಯಿತು.

"ರಸ್ತೆ ಇದ್ದ ಊರುಗಳಲ್ಲಿ ಗಾಣ ಮೊದಲು ನಿಂತವು ಅಂತೀರಿ." ಮತ್ತೆ ಸುಳ್ಳು. ಮತ್ತೆ ಆ ಬೆರಳು.

"ಗಾಣಿಗರು ತಾವಾಗಿಯೇ ಕಸುಬು ಬಿಟ್ಟು ಪಟ್ಟಣಕ್ಕೆ ಹೋದರು, ಆಮೇಲೆ ಗಾಣ ನಡೆಸುವವರು ಇಲ್ಲದಾದರು ಅಂತೀರಿ." ಬೆರಳು.

ಪಕ್ಕದಲ್ಲಿ ಸಂಗಪ್ಪ ನನ್ನ ತೊಡೆ ಚಿವುಟಿದ. "ಬೀಜ ಇಡಾಕತ್ತಾನಲೇ" ಎಂದು ಉಸಿರಿನಲ್ಲೇ ಹೇಳಿದ. "ಹೇಳೂದು ಮುಗೀಲಿ ಅಂತ ಕುಂತಾನ."

ಪರೀಕ್ಷಕರು ಇನ್ನೂ ಹೇಳುತ್ತ ಹೋದರು. ಹೇಳಿದ್ದೆಲ್ಲ ಸುಳ್ಳು. ಹೇಳಿ ಮುಗಿಸಿ, ಕನ್ನಡಕ ತೆಗೆದರು. ದಸ್ತಗೀರ ಇನ್ನೂ ಸುಮ್ಮನೆ. ಯಾವುದಕ್ಕೋ ಕಾಯುತ್ತಿದ್ದ. ತಾನು ಏನಕ್ಕೆ ಕಾಯುತ್ತಿದ್ದೇನೆ ಎಂದು ಅವನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದ.

"ನಾನು ಬೇಕಂತಲೇ ತಪ್ಪು ಹೇಳಿದೆ" ಅಂದರು ಪರೀಕ್ಷಕರು, ಅದೇ ಮೆತ್ತನೆಯ ದನಿಯಲ್ಲಿ. "ಕೆಲವು ಮಾತು ಕಿವಿಗೆ ಬಿದ್ದಿದ್ದವು, ಅದಕ್ಕೆ. ಸ್ವಂತ ಬರೆದವರು ಮೊದಲನೇ ತಪ್ಪಿಗೇ ಅಲ್ಲ ಸ್ವಾಮಿ ಅಂತಿದ್ದರು. ನೀವು ಒಂದಕ್ಕೂ ಅನ್ನಲಿಲ್ಲ. ಈ ಪ್ರಬಂಧ ಬರೆದವರು ಯಾರಪ್ಪ?"

ದಸ್ತಗೀರ ಬಾಯಿ ತೆರೆದ, ಮಾತು ಬರಲಿಲ್ಲ. ವಿಭಾಗದವರಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡಿ ಮುಗುಳ್ನಕ್ಕರು. ಅಧ್ಯಕ್ಷರು ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಂತು ಆ ಸಪ್ಪಳ. ನನ್ನ ಪಕ್ಕದಲ್ಲಿ ಅಕ್ಕೋರು ಎದ್ದು ನಿಂತಿದ್ದರು. ಚೀಲದಿಂದ ಪೌಡರ್ ಡಬ್ಬಿ ತೆಗೆದು, ಕೈ ಮೇಲೆತ್ತಿ, ಗಲಗಲಗಲ ಎಂದು ಅಲ್ಲಾಡಿಸಿದರು. ಗಡಿಯಾರ ಮೊಣಕೈಗೆ ಜಾರಿತು. ಅದನ್ನು ಎಳೆದುಕೊಳ್ಳಲೂ ಇಲ್ಲ.

ಎಲ್ಲರೂ ತಿರುಗಿದರು. ಅಧ್ಯಕ್ಷರ ಮುಖ ಕೆಂಪಾಯಿತು. "ಏನ್ರಿ ಅದು? ಯಾರು ನೀವು?"

"ಸಿಂದಗಿ ಕಾಲೇಜಿನವಳ್ರಿ. ಇದು ಹುಣಸಿಬೀಜ."

"ಪರೀಕ್ಷೆಯೊಳಗ ಸಂಜ್ಞಾ ಮಾಡಾಕತ್ತೀರಿ? ಕೇಳಿದ್ದು ಖರೇನ ಐತಿ ಹಂಗಾರ, ನಿಮ್ಮದೊಂದು ಗುಂಪು ಐತಿ."

"ಗುಂಪು ಐತ್ರಿ. ಈ ಡಬ್ಬ್ಯಾಗ ಉತ್ತರ ಇಲ್ರಿ. ಇನ್ನೊಬ್ಬರು ಹೇಳೂಮುಂದ ನಡುವ ಬಾಯಿ ಹಾಕಬ್ಯಾಡ ಅಂತ ಇಂವಗ ಕಲಿಸಿದಾಕಿ ನಾ. ಈಗ ಮಾತಾಡು ಅಂತ ಬಿಡುಗಡಿ ಕೊಟ್ಟೆ, ಅಷ್ಟ. ನಿಮಗ ಗುಮಾನಿ ಇದ್ರ ನಾ ಹೊರಗ ಹೋಗ್ತೇನಿ. ಅವನ್ನ ಕೇಳ್ರಿ."

ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಹೊರಗೆ ನಡೆದುಬಿಟ್ಟರು. ಬಾಗಿಲು ಮುಚ್ಚಿತು. ಅವರ ಗೈಡ್ ಅರ್ಜಿ ಇದ್ದದ್ದು ಇದೇ ಅಧ್ಯಕ್ಷರ ಟೇಬಲ್ಲಿನ ಮೇಲೆ. ಅದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು.

ದಸ್ತಗೀರ ಟೇಬಲ್ಲಿನ ಖಾಲಿ ಜಾಗ ನೋಡುತ್ತಿದ್ದ. ಬೆರಳನ್ನು ಮೊದಲು ಇಟ್ಟ ಜಾಗಕ್ಕೇ ಒಯ್ದ.

"ಮೊದಲನೇದು" ಅಂದ. "ಮಿಲ್ಲಿನ ಎಣ್ಣಿ ಬಂದು ಗಾಣ ಮುಚ್ಚಿದುವು ಅಂದ್ರಿ. ನಾ ಹಂಗ ಬರ್ದಿಲ್ರಿ. ಮಿಲ್ಲಿನ ಎಣ್ಣಿ ಕಾಲಿಡದ ಊರಾಗೂ ಗಾಣ ನಿಂತಾವು." ಬೆರಳು ಮುಂದೆ ಸರಿಯಿತು. "ಎರಡನೇದು, ರಸ್ತೆ ಇದ್ದ ಊರು ಅಂದ್ರಿ. ರಸ್ತೆ ಅಲ್ಲ, ತಕ್ಕಡಿ ಬಂದ ಊರು." ಪರೀಕ್ಷಕರು ಹೇಳಿದ ಸಾಲಿನಲ್ಲೇ, ಒಂದೂ ಬಿಡದೆ, ಕಾಣದ ಬೀಜ ಒಂದೊಂದನ್ನೇ ಎತ್ತಿದ. ವೈವಾಕ್ಕೆಂದು ಕಟ್ಟಿಕೊಂಡು ಬಂದಿದ್ದ ಇಂಗ್ಲಿಷು ಎಲ್ಲಿಯೋ ಹೋಯಿತು, ಮುದ್ದೇಬಿಹಾಳದ ಕನ್ನಡ ಗಡಗಡ ಉರುಳಿತು. ಪರೀಕ್ಷಕರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು, ಬಹುಶಃ ಅರ್ಧ ಮಾತು ಅವರಿಗೆ ತಿಳಿಯುತ್ತಿರಲಿಲ್ಲ.

"ನಿಧಾನ, ನಿಧಾನ. ತಕ್ಕಡಿ ಬಂತು ಅಂತೀರಿ. ಅದಕ್ಕೆ ಸಾಕ್ಷಿ?"

ದಸ್ತಗೀರನ ಬೆರಳು ಒಂದು ಕಡೆ ತಡೆಯಿತು. ಅಲ್ಲಿ ಪರೀಕ್ಷಕರ ಬೀಜ ಇರಲಿಲ್ಲ. ಅಕ್ಕೋರು ಅವತ್ತು ಅವನ ಮನೆಯಲ್ಲಿ ಇಟ್ಟ ಬೀಜ ಅದು ಎಂದು ನನಗೆ ಈಗ ಅನ್ನಿಸುತ್ತದೆ.

"ತಕ್ಕಡಿ ಹಿಡಿದಾಂವ ನಮ್ಮಪ್ಪ ರೀ" ಅಂದ. "ಕಣದಾಗ ಚೀಲದ ಬಾಯಿ ಹಿಡಕೊಂಡು ನಿಂತಾಂವ ನಾ. ಗಾಣಿಗರ ಮುದುಕ ಒಬ್ಬಾಂವ ದೂರ ನಿಂತು ನೋಡ್ತಿದ್ದ. ಅಂವ ಯಾಕ ನೋಡ್ತಾನ ಅಂತ ಆವಾಗ ತಿಳೀಲಿಲ್ಲ. ತಿಳಕೊಳ್ಳಾಕ ಈ ಥೀಸಿಸ್ ಬರದೇನಿ. ಅಪ್ಪಂದು ಅಂತ ಬರಿಯಾಕ ಕೈ ಬರಲಿಲ್ಲ, ವ್ಯಾಪಾರಸ್ಥರು ಅಂತ ಬರದೇನಿ."

ಪರೀಕ್ಷಕರು ಥೀಸಿಸನ್ನು ಹತ್ತಿರ ಎಳೆದುಕೊಂಡು, ಅಧ್ಯಕ್ಷರ ಕಡೆ ತಿರುಗಿ, "ಇದನ್ನು ಇನ್ನೊಬ್ಬರು ಬರೆಯೋಕೆ ಆಗಲ್ಲ. ನನ್ನ ಕಡೆಯಿಂದ ಆಯಿತು" ಅಂದರು.

ಹೊರಗೆ ಬಂದಾಗ ಅಕ್ಕೋರು ಗೇಟಿನ ಆಚೆಯ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಅವರ ಮುಂದೆ ಚಹಾ ಕೆನೆಗಟ್ಟಿತ್ತು. ದಸ್ತಗೀರ ಏನೋ ಹೇಳಲು ಹೋದ. ಅವರು ಕೈ ಎತ್ತಿ ತಡೆದು, ಅವನ ಅಂಗೈಗೆ ಒಂದು ಹಿಡಿ ಬೀಜ ಸುರಿದರು. "ನೀ ಕುಂಡ್ರು. ಏ ಇಂಡಿ, ಇಂವ ಒಳಗ ಏನು ಮಾತಾಡಿದ, ಹೇಳು."

ನಾನು ಹೇಳಿದೆ. ತಪ್ಪುಗಳೆಲ್ಲವನ್ನೂ, ತಕ್ಕಡಿಯನ್ನೂ, ಅವನ ತಂದೆಯನ್ನೂ. ಸಂತೋಷ ತಡೆಯಲಾರದೆ ಕೊನೆಗೆ, "ಎಲ್ಲಾರೂ ಚಪ್ಪಾಳಿ ಹೊಡದ್ರು ನೋಡ್ರಿ ಅಕ್ಕೋರ" ಎಂದೂ ಸೇರಿಸಿದೆ. ದಸ್ತಗೀರ ಒಂದು ಬೀಜ ಬೆಂಚಿನ ಮೇಲೆ ಇಟ್ಟ. ಅಕ್ಕೋರು ಡಬ್ಬಿ ಅಲ್ಲಾಡಿಸಿದರು.

"ಚಪ್ಪಾಳಿ ಯಾರೂ ಹೊಡೀಲಿಲ್ರಿ" ಅಂದ ಅವನು. "ಉಳದದ್ದು ಖರೇ."

ಅಕ್ಕೋರು ಗಡಿಯಾರವನ್ನು ಮಣಿಕಟ್ಟಿಗೆ ಎಳೆದುಕೊಂಡರು. "ಹೂಂ" ಅಂದರು. ಅವರ ಬಾಯಿಂದ ಹೊಗಳಿಕೆ ಅಂತ ಬಂದರೆ ಅಷ್ಟೇ ಬರುತ್ತಿತ್ತು. ತಣ್ಣಗಾದ ಚಹಾ ಕುಡಿದು ಮುಗಿಸಿ ಮತ್ತೆ ಹೇಳಿದರು: "ತಪ್ಪು ನಂದೂ ಐತಿ. ಕೇಳೂದು ಕಲಿಸಿದೆ, ಹೇಳೂದು ಕಲಸ್ಲಿಲ್ಲ. ಬರೂ ತಿಂಗಳಿಂದ ಬರದಾಂವನೂ ಒಂದು ಸಲ ತನ್ನದನ್ನ ತಾನ ಹೇಳಬೇಕು."

ಅವರ ಗೈಡ್ ಮಾನ್ಯತೆ ಬರಲಿಲ್ಲ, ಕೊನೆಯವರೆಗೂ. ನಾವು ಆ ಮಾತು ತೆಗೆದಾಗ ನಕ್ಕುಬಿಡುತ್ತಿದ್ದರು. "ಸಹಿ ಹಾಕೂ ಮನಷ್ಯಾನ ಮುಂದ ಯಾರೂ ಖರೇ ಬೀಜ ಇಡಂಗಿಲ್ಲ. ಚಲೋನ ಆತು ಬಿಡು."

ಈಗ ಡಾಕ್ಟರ್ ದಸ್ತಗೀರ ಸೀಮೆಯ ಹೊಸ ಹುಡುಗರನ್ನು ಕೂಡಿಸುತ್ತಾನೆ. ತಾಂಬಾದಿಂದ ಒಬ್ಬಳು ಹುಡುಗಿ ಸಹ ಬರುತ್ತಾಳೆ. ಸಂಗಪ್ಪನ ಕಳೆಗಳು ಬೈಂಡಾಗಿವೆ. ನನ್ನ ವೈವಾ ಇನ್ನು ಸ್ವಲ್ಪ ದಿನಕ್ಕೆ ಇದೆ, ಮತ್ತು ಆ ಹಿಂದಿನ ಬೆಂಚಿನ ಮೇಲೆ ಅಕ್ಕೋರು ಇರುವುದಿಲ್ಲ. ಮಣ್ಣು ಕೊಟ್ಟು ಬಂದ ದಿನ ಅವರ ಮನೆಯವರು ನನ್ನನ್ನು ಕರೆದು ಡಬ್ಬಿ ಕೈಗಿಟ್ಟರು.

ಇಲ್ಲಿ ನಾನು ಮಾಡಿದ್ದೂ ಅದೇ ಕೆಲಸ, ಇನ್ನೊಬ್ಬರದನ್ನು ನನಗೆ ತಿಳಿದ ಹಾಗೆ ಹೇಳಿದ್ದೇನೆ. ಎಲ್ಲೋ ಒಂದು ಕಡೆ ಇಲ್ಲದ ಚಪ್ಪಾಳೆ ಸೇರಿಸಿಯೇ ಇರುತ್ತೇನೆ. ಬೀಜ ಇಡಬೇಕಾದವರು ಎದುರಿಗಿಲ್ಲ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಅವರನ್ನು ಬಲ್ಲವರು ಇದ್ದರೆ, ನಾನು ತಪ್ಪಿದ ಕಡೆ ತಿದ್ದಿ ಬರೆಯಿರಿ. ಅರಿಯದವರೂ ಬರೆಯಿರಿ. ಯಾವುದೋ ಊರಿನಲ್ಲಿ ಒಬ್ಬರೇ ಕೂತು ಓದಿದವರು, ಗೋಡೆಗೆ ಪಾಠ ಹೇಳಿದವರು, ನಿಮ್ಮ ಬರಹವನ್ನು ಮೊದಲ ಬಾರಿಗೆ ಓದಿದ ಮನುಷ್ಯರು ಯಾರು, ಅವತ್ತು ಏನಾಯಿತು, ಎಲ್ಲ ಬರೆಯಿರಿ. ಇಲ್ಲಿಯವರೆಗೆ ನೀವು ಸುಮ್ಮನೆ ಕೂತು ಕೇಳಿದಿರಿ.

ಡಬ್ಬಿ ಈ ಟೈಪ್‌ರೈಟರಿನ ಪಕ್ಕದಲ್ಲೇ ಇದೆ. ಈಗ ಅಲ್ಲಾಡಿಸಿದ್ದೇನೆ. ಇನ್ನು ನಿಮ್ಮ ಸರದಿ, ಹೇಳಿ.